ಸಾಗರವನ್ನು ಪೀಠಿಕೆಯಿಂದ ಒಪ್ಪಂದದ ಒಳಕ್ಕೆ ತನ್ನಿ

ಇವರಿಗೆ,
ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಚೌಕಟ್ಟು ಒಪ್ಪಂದದ ಸದಸ್ಯ ರಾಷ್ಟ್ರಗಳ ಗೌರವಾನ್ವಿತ ಪ್ರತಿನಿಧಿಗಳಿಗೆ.

ವಿಷಯ: ಹವಾಮಾನ ಮಾತುಕತೆಗಳಲ್ಲಿ ಸಾಗರಕ್ಕೂ ಅದರ ಜೀವಿಗಳಿಗೂ ಸಲ್ಲಬೇಕಾದ ಸ್ಥಾನದ ಬಗ್ಗೆ.

ಮಾನ್ಯರೇ,

ನಾನು ಸಾಗರ ವಿಜ್ಞಾನಿಯಲ್ಲ, ಯಾವ ಸಂಘಟನೆಯ ವಕ್ತಾರನೂ ಅಲ್ಲ. ನಿಮ್ಮ ಅಧಿವೇಶನಗಳ ನಿರ್ಣಯಗಳನ್ನೂ ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯ ವರದಿಗಳನ್ನೂ ಆಸಕ್ತಿಯಿಂದ ಓದುತ್ತ ಬಂದಿರುವ ಒಬ್ಬ ನಾಗರಿಕ. ಆ ವರದಿಗಳ ಸಾರಾಂಶವು ಪ್ರಕಟವಾಗುವ ಮುನ್ನ ನಿಮ್ಮ ಸರ್ಕಾರಗಳ ಪ್ರತಿನಿಧಿಗಳು ಕುಳಿತು ಅದರ ಒಂದೊಂದು ಸಾಲನ್ನೂ ಓದಿ, ಚರ್ಚಿಸಿ, ಒಪ್ಪಿಗೆ ಕೊಡುತ್ತಾರೆ. ಆದ್ದರಿಂದ ಈ ಪತ್ರದಲ್ಲಿರುವ ಮುಖ್ಯ ಸಂಗತಿಗಳು ನಿಮಗೆ ಹೊಸವಾಗಿರಲಾರವು. ಅವುಗಳ ಕೆಳಗೆ ನಿಮ್ಮದೇ ಸಮ್ಮತಿಯಿದೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನೀವು ಬರೆದ ಒಪ್ಪಂದದ ಗುರಿಗಳಲ್ಲಿ, ಲೆಕ್ಕಪತ್ರಗಳಲ್ಲಿ, ಹಣಕಾಸಿನ ಹಂಚಿಕೆಯಲ್ಲಿ ಸಾಗರವು ಏಕೆ ಕಾಣುತ್ತಿಲ್ಲ ಎಂದು ಕೇಳುವುದಕ್ಕಾಗಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

2015ರ ಪ್ಯಾರಿಸ್ ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಸಾಗರದ ಪ್ರಸ್ತಾಪ ಸಿಗುವುದು ಪೀಠಿಕೆಯಲ್ಲಿ ಮಾತ್ರ, ಅದೂ ಎಲ್ಲ ಪರಿಸರ ವ್ಯವಸ್ಥೆಗಳ ಸಮಗ್ರತೆಯನ್ನು ಕಾಯಬೇಕು ಎಂಬ ವಾಕ್ಯದ ನಡುವೆ. ದೇಶಗಳನ್ನು ಹೊಣೆಗೆ ಕಟ್ಟುವ ವಿಧಿಗಳ ಭಾಗ ಶುರುವಾದ ಮೇಲೆ ಆ ಹೆಸರು ಮತ್ತೆ ಬರುವುದಿಲ್ಲ. ಭೂಗೋಳದ ಮೇಲ್ಮೈಯಲ್ಲಿ ಸುಮಾರು ಶೇ. 71ರಷ್ಟನ್ನು ಆವರಿಸಿರುವ ಒಂದು ವ್ಯವಸ್ಥೆಗೆ ಸಿಕ್ಕಿರುವ ಸ್ಥಾನ ಇಷ್ಟು. 2021ರಲ್ಲಿ ಗ್ಲಾಸ್ಗೋದಲ್ಲಿ ನಡೆದ ನಿಮ್ಮ ಅಧಿವೇಶನದ ನಿರ್ಣಯದ ನಂತರ ಪ್ರತಿ ವರ್ಷ ಸಾಗರ ಮತ್ತು ಹವಾಮಾನ ಕುರಿತ ಸಂವಾದವೊಂದು ನಡೆಯುತ್ತಿದೆ ಎಂಬುದು ನಿಜ, ಅದನ್ನು ಕಡೆಗಣಿಸಲಾರೆ. ಆದರೆ ಸಂವಾದದಲ್ಲಿ ಆಡಿದ ಮಾತು ಯಾವ ದೇಶವನ್ನೂ ಯಾವುದಕ್ಕೂ ಬಾಧ್ಯಗೊಳಿಸುವುದಿಲ್ಲ. ವರದಿ ಸಿದ್ಧವಾಗುತ್ತದೆ, ಕಡತ ಸೇರುತ್ತದೆ.

ಈ ಗೈರುಹಾಜರಿ ಏಕೆ ಗಂಭೀರವೆಂದು ವಿವರಿಸಬೇಕಾದರೆ ಶಾಖದ ಲೆಕ್ಕದಿಂದಲೇ ಆರಂಭಿಸಬೇಕು. ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಸಿಕ್ಕಿಕೊಂಡ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಸಾಗರದೊಳಕ್ಕೆ ಹೋಗಿದೆ. ಗಾಳಿಯನ್ನು ಬಿಸಿಮಾಡುವುದಕ್ಕೆ ಉಳಿದಿರುವುದು ಅದರ ತೀರಾ ಸಣ್ಣ ಭಾಗ. ನಿಮ್ಮ ಒಪ್ಪಂದದ ಗುರಿಯಾದ 1.5 ಡಿಗ್ರಿ, 2 ಡಿಗ್ರಿ ಎಂಬ ಅಂಕಿಗಳು ಕೈಗಾರಿಕಾ ಯುಗದ ಮುಂಚಿನ ಮಟ್ಟದಿಂದ ಭೂಮಿಯ ಮೇಲ್ಮೈಯ ಸರಾಸರಿ ಉಷ್ಣತೆ ಎಷ್ಟು ಏರಿದೆ ಎಂಬುದನ್ನು ಮಾತ್ರ ಅಳೆಯುತ್ತವೆ. ಒಂದು ವರ್ಷ ಪೆಸಿಫಿಕ್ ಸಾಗರದ ಮೇಲ್ಮೈ ಬೆಚ್ಚಗಾಗುವ ಎಲ್ ನಿನೊ ಬಂದರೆ ಆ ಅಂಕಿ ಏರುತ್ತದೆ, ಅದು ತಣ್ಣಗಾಗುವ ಲಾ ನಿನಾ ಬಂದರೆ ಕೊಂಚ ಇಳಿಯುತ್ತದೆ, ಇಳಿದ ವರ್ಷ ಕೆಲವು ರಾಜಧಾನಿಗಳಲ್ಲಿ ನಿಟ್ಟುಸಿರು ಕೇಳಿಸುತ್ತದೆ. ಅದೇ ಅವಧಿಯಲ್ಲಿ ಅಲೆಗಳ ಕೆಳಗೆ ಸಂಗ್ರಹವಾಗುತ್ತಿರುವ ಒಟ್ಟು ಶಾಖದ ರೇಖಾಚಿತ್ರವನ್ನು ತೆರೆದು ನೋಡಿದರೆ ಅಂಥ ಏರಿಳಿತ ಬಹಳ ಕಡಿಮೆ. ರೇಖೆ ದಶಕದಿಂದ ದಶಕಕ್ಕೆ ಮೇಲಕ್ಕೇ ಹೋಗಿದೆ. ಹವಾಮಾನದ ನಿಜಸ್ಥಿತಿಯನ್ನು ಹೆಚ್ಚು ನೆಚ್ಚಿಕೆಯಿಂದ ಹೇಳಬಲ್ಲ ಅಳತೆ ಯಾವುದು ಎಂದು ಕೇಳಿದರೆ ಹಲವು ವಿಜ್ಞಾನಿಗಳು ಸಾಗರದ ಶಾಖವನ್ನೇ ತೋರಿಸುತ್ತಾರೆ. ನಿಮ್ಮ ಗುರಿಗಳಲ್ಲಿ ಇಲ್ಲದಿರುವುದೂ ಅದೇ ಅಳತೆ.

ಆ ಶಾಖ ನೀರಿನೊಳಗೆ ಸುಮ್ಮನೆ ಕುಳಿತಿಲ್ಲ. ಬೆಚ್ಚಗಾದ ಮೇಲ್ಪದರ ಹಗುರವಾಗಿ, ತಣ್ಣನೆಯ ಆಳದ ನೀರಿನ ಮೇಲೆ ಮುಚ್ಚಳದ ಹಾಗೆ ನಿಲ್ಲುತ್ತದೆ. ಆಳದಿಂದ ಪೋಷಕಾಂಶಗಳು ಮೇಲೆ ಬರುವುದು ಕಷ್ಟವಾಗುತ್ತದೆ, ಮೇಲಿನ ಆಮ್ಲಜನಕ ಕೆಳಗಿಳಿಯುವುದೂ ಕಷ್ಟವಾಗುತ್ತದೆ. ಜತೆಗೆ ಬೆಚ್ಚನೆಯ ನೀರು ತಣ್ಣೀರಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು. 1960ರಿಂದ ಈಚೆಗೆ ಸಾಗರದ ಒಟ್ಟು ಆಮ್ಲಜನಕದಲ್ಲಿ ಸುಮಾರು ಶೇ. 2ರಷ್ಟು ಕಳೆದುಹೋಗಿದೆ. ಎರಡೇ ಎಂದು ಯಾರಾದರೂ ಅನ್ನಬಹುದು. ಈ ನಷ್ಟ ಎಲ್ಲ ಕಡೆಯೂ ಸಮನಾಗಿ ಹರಡಿಲ್ಲ. ಮೊದಲೇ ಆಮ್ಲಜನಕ ಕಡಿಮೆಯಿದ್ದ ಉಷ್ಣವಲಯದ ನಡುಪದರಗಳಲ್ಲಿ ಉಸಿರಾಟಕ್ಕೆ ಯೋಗ್ಯವಲ್ಲದ ನೀರಿನ ವಲಯಗಳು ಹಿಗ್ಗುತ್ತಿವೆ. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನಿನ ದೇಹದ ಚಯಾಪಚಯ ವೇಗವಾಗಿ, ಅದಕ್ಕೆ ಬೇಕಾಗುವ ಆಮ್ಲಜನಕದ ಪ್ರಮಾಣ ಹೆಚ್ಚುತ್ತದೆ. ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯುತ್ತದೆ ಎಂಬುದು ಇಲ್ಲಿನ ಕ್ರೂರ ಗಣಿತ. ಟ್ಯೂನಾ, ಮಾರ್ಲಿನ್‌ಗಳಂಥ ವೇಗದ ಈಜುಗಾರ ಮೀನುಗಳು ಇದರಿಂದಾಗಿ ತೆಳುವಾದ ಮೇಲ್ಪದರಕ್ಕೆ ಒತ್ತರಿಸಲ್ಪಡುತ್ತವೆ, ಅಲ್ಲಿ ಗಾಳಕ್ಕೂ ಬಲೆಗೂ ಸುಲಭವಾಗಿ ಸಿಗುತ್ತವೆ. ಹಿಡಿದ ಮೀನಿನ ಲೆಕ್ಕವನ್ನು ಮಾತ್ರ ನೋಡುವ ಅಧಿಕಾರಿಗೆ ಮೀನು ಹೇರಳವಾಗಿದೆ ಎಂದೇ ತೋರಬಹುದು.

ಬಿಸಿ ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಅಲಾಸ್ಕ ಮತ್ತು ರಷ್ಯದ ನಡುವಿನ ಬೇರಿಂಗ್ ಸಮುದ್ರದ ಹಿಮ ಏಡಿಯ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. 2018 ಮತ್ತು 2019ರಲ್ಲಿ ಅಲ್ಲಿ ಸಮುದ್ರದ ಮಂಜುಗಡ್ಡೆ ತೀರಾ ಕಡಿಮೆಯಾಗಿ, ತಳದ ನೀರು ಅಸಾಧಾರಣವಾಗಿ ಬೆಚ್ಚಗಾಯಿತು. 2018ರ ಸಮೀಕ್ಷೆಯಲ್ಲಿ ಏಡಿಗಳ ಸಂಖ್ಯೆ ಹಿಂದೆಂದೂ ಕಾಣದಷ್ಟು ಹೆಚ್ಚಿತ್ತು. 2021ರ ಸಮೀಕ್ಷೆಯ ಹೊತ್ತಿಗೆ ಸಾವಿರ ಕೋಟಿ ಏಡಿಗಳು ಕಣ್ಮರೆಯಾಗಿದ್ದವು. 2022ರಲ್ಲಿ ಆ ಮೀನುಗಾರಿಕೆಯನ್ನು ಅದರ ಇತಿಹಾಸದಲ್ಲಿ ಮೊದಲ ಬಾರಿಗೆ ಮುಚ್ಚಬೇಕಾಯಿತು. ಕುತೂಹಲದ ಸಂಗತಿಯೆಂದರೆ ಆ ನೀರಿನ ಉಷ್ಣತೆ ಏಡಿಯನ್ನು ನೇರವಾಗಿ ಕೊಲ್ಲುವ ಮಟ್ಟದ್ದಾಗಿರಲಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೆಚ್ಚನೆಯ ನೀರು ಏಡಿಗಳ ಆಹಾರದ ಅಗತ್ಯವನ್ನು ಹಲವು ಪಟ್ಟು ಹೆಚ್ಚಿಸಿತು, ತಣ್ಣೀರಿನ ತಾಣಗಳು ಕುಗ್ಗಿದ್ದರಿಂದ ಅವೆಲ್ಲ ಚಿಕ್ಕ ಜಾಗದಲ್ಲಿ ಗುಂಪುಗೂಡಬೇಕಾಯಿತು, ಕೊನೆಗೆ ಹಸಿವೇ ಅವುಗಳ ಸಾವಿಗೆ ಕಾರಣವಾದ ಸಾಧ್ಯತೆ ಹೆಚ್ಚು. ಇಷ್ಟು ದೊಡ್ಡ ನಾಶ ನಡೆದದ್ದು ಪ್ರಪಂಚದಲ್ಲೇ ಅತ್ಯಂತ ಶಿಸ್ತಿನಿಂದ ನಿರ್ವಹಿಸಲಾಗುವ ಮೀನುಗಾರಿಕೆಗಳಲ್ಲೊಂದರಲ್ಲಿ, ವರ್ಷವರ್ಷವೂ ಎಣಿಕೆ ನಡೆಯುವ ನೀರಿನಲ್ಲಿ. ಯಾರೂ ಎಣಿಸದ ಸಮುದ್ರಗಳಲ್ಲಿ ಏನಾಗುತ್ತಿದೆ ಎಂಬುದನ್ನು ಊಹಿಸುವ ಹೊಣೆಯನ್ನು ನಿಮಗೇ ಬಿಡುತ್ತೇನೆ.

ಇದಕ್ಕೆ ಕೆಲವೇ ವರ್ಷಗಳ ಮೊದಲು ಈಶಾನ್ಯ ಪೆಸಿಫಿಕ್‌ನಲ್ಲಿ 2014ರಿಂದ 2016ರವರೆಗೆ ‘ಬ್ಲಾಬ್’ ಎಂದು ಹೆಸರಾದ ಬಿಸಿನೀರಿನ ರಾಶಿ ನಿಂತಿತ್ತು. ಕಾಮನ್ ಮರ್ ಎಂಬ ಕಡಲ ಹಕ್ಕಿಯ ಹತ್ತಾರು ಸಾವಿರ ಶವಗಳು ಆಗ ದಡಕ್ಕೆ ಬಂದವು. ಸತ್ತ ಹಕ್ಕಿಗಳ ನಿಜವಾದ ಸಂಖ್ಯೆ ಸುಮಾರು 40 ಲಕ್ಷ, ಅಂದರೆ ಅಲಾಸ್ಕದಲ್ಲಿದ್ದ ಆ ಜಾತಿಯ ಹಕ್ಕಿಗಳಲ್ಲಿ ಅರ್ಧಕ್ಕೂ ಹೆಚ್ಚು ಎಂಬುದು 2024ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ದುರಂತ ನಡೆದು ಸುಮಾರು ಎಂಟು ವರ್ಷಗಳ ನಂತರ ಅದರ ಗಾತ್ರ ತಿಳಿಯುವುದು ಸಾಗರದ ವಿಷಯದಲ್ಲಿ ಅಪರೂಪವಲ್ಲ. 1980ರ ದಶಕಕ್ಕೆ ಹೋಲಿಸಿದರೆ ಇಂಥ ಸಾಗರ ಶಾಖದ ಅಲೆಗಳ ಸಂಖ್ಯೆ ಸುಮಾರು ಎರಡು ಪಟ್ಟಾಗಿದೆ ಎಂಬ ವಾಕ್ಯಕ್ಕೂ ನೀವು ಒಪ್ಪಿಗೆ ಕೊಟ್ಟಿದ್ದೀರಿ.

ಹವಳದ ದಿಬ್ಬಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಆದ್ದರಿಂದ ಚುಟುಕಾಗಿ ಹೇಳಿ ಮುಂದುವರಿಯುತ್ತೇನೆ. ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ಬಿಸಿ ಕೆಲವು ವಾರ ಉಳಿದರೆ ಸಾಕು, ಹವಳವು ತನ್ನೊಳಗೆ ವಾಸಿಸುತ್ತ ತನಗೆ ಉಣಿಸುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ಸಾಗರತಳದ ಶೇ. 1ಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆಸರೆ. ಜಾಗತಿಕ ಮಟ್ಟದ ನಾಲ್ಕನೆಯ ಬಿಳಿಚಿಕೆ ಘಟನೆಯನ್ನು 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ತಾಪಮಾನ 1.5 ಡಿಗ್ರಿ ಏರಿದರೆ ಹವಳಗಳಲ್ಲಿ ಶೇ. 70ರಿಂದ 90ರಷ್ಟು, 2 ಡಿಗ್ರಿ ಏರಿದರೆ ಶೇ. 99ಕ್ಕೂ ಹೆಚ್ಚು ನಾಶವಾಗುತ್ತವೆ ಎಂದು 2018ರ ಐಪಿಸಿಸಿ ವರದಿ ಹೇಳಿತ್ತು. ಪ್ಯಾರಿಸ್ ಒಪ್ಪಂದದ ಗುರಿ ಪೂರ್ತಿ ಈಡೇರಿದರೂ ಬಹುಪಾಲು ಹವಳ ಉಳಿಯುವುದಿಲ್ಲ ಎಂದಾಯಿತು. ನೀವು ಯಶಸ್ಸು ಎಂದು ಕರೆಯುವ ಸ್ಥಿತಿಯೇ ಈ ಜೀವಿಗಳಿಗೆ ಸೋಲು ಎಂಬುದನ್ನು ಯಾವ ಅಧಿವೇಶನದಲ್ಲಾದರೂ ಗಟ್ಟಿಯಾಗಿ ಹೇಳಬೇಕಲ್ಲವೇ?

ಓಡಿಹೋಗಬಲ್ಲ ಜೀವಿಗಳು ಓಡುತ್ತಿವೆ. 1950ರ ದಶಕದಿಂದ ಈಚೆಗೆ ಸಾಗರದ ಮೇಲ್ಪದರದ ಜೀವಿಗಳ ವಾಸಸ್ಥಾನ ಪ್ರತಿ ದಶಕಕ್ಕೆ ಸರಾಸರಿ 50 ಕಿಲೋಮೀಟರಿನಷ್ಟು ಧ್ರುವಗಳ ಕಡೆಗೆ ಸರಿದಿದೆ. ಮೀನಿಗೆ ಗಡಿ ಗೊತ್ತಿಲ್ಲ, ಆದರೆ ಮೀನುಗಾರಿಕೆಯ ಪಾಲನ್ನು ನೀವು ಗಡಿಯ ಆಧಾರದ ಮೇಲೆಯೇ ಹಂಚಿಕೊಂಡಿದ್ದೀರಿ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಬಂಗುಡೆಯ ಬಳಗಕ್ಕೆ ಸೇರಿದ ಮ್ಯಾಕೆರಲ್ ಮೀನು 2007ರ ಆಸುಪಾಸಿನಿಂದ ಐಸ್‌ಲೆಂಡಿನ ನೀರಿನೊಳಕ್ಕೆ ದೊಡ್ಡ ಪ್ರಮಾಣದಲ್ಲಿ ಬರತೊಡಗಿದಾಗ, ಬಂದದ್ದು ತನ್ನದೆಂದು ಒಂದು ಪಕ್ಷವೂ ಹೋದದ್ದೂ ತಮ್ಮದೇ ಎಂದು ಉಳಿದವರೂ ಹಠ ಹಿಡಿದರು. ಎಲ್ಲರೂ ತಂತಮ್ಮ ಪಾಲನ್ನು ತಾವೇ ನಿಗದಿ ಮಾಡಿಕೊಂಡರು, ಆ ಪಾಲುಗಳ ಮೊತ್ತ ವಿಜ್ಞಾನಿಗಳು ಸೂಚಿಸಿದ ಮಿತಿಯನ್ನು ವರ್ಷದಿಂದ ವರ್ಷಕ್ಕೆ ಮೀರಿತು, 2019ರಲ್ಲಿ ಆ ಮೀನುಗಾರಿಕೆಗೆ ಇದ್ದ ಸುಸ್ಥಿರತೆಯ ಪ್ರಮಾಣಪತ್ರ ಅಮಾನತಾಯಿತು. ಶ್ರೀಮಂತವೂ ಪರಸ್ಪರ ಸ್ನೇಹಪರವೂ ಆದ ದೇಶಗಳಿಗೇ ಇದನ್ನು ಬಗೆಹರಿಸಿಕೊಳ್ಳಲು ಆಗಲಿಲ್ಲ ಎಂದರೆ, ಮೀನಿನ ಮೇಲೆ ಊಟಕ್ಕೂ ವರಮಾನಕ್ಕೂ ಪೂರ್ತಿ ಅವಲಂಬಿಸಿರುವ ಬಡ ದೇಶಗಳ ನಡುವೆ ಇಂಥ ಜಗಳ ಹುಟ್ಟಿದಾಗ ಏನಾದೀತು?

ಸಂರಕ್ಷಣೆಯ ನಕ್ಷೆಗಳದೂ ಇದೇ ಕಥೆ. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳು ತಿನ್ನುವ ಕೊಪೆಪಾಡ್ ಎಂಬ ಸಣ್ಣ ಜೀವಿಗಳು ಅಮೆರಿಕದ ಈಶಾನ್ಯ ಕರಾವಳಿಯ ಮೇಯ್ನ್ ಕೊಲ್ಲಿ ಬೆಚ್ಚಗಾದಂತೆ ಅಲ್ಲಿ ವಿರಳವಾದವು. ಆಹಾರ ಹುಡುಕುತ್ತ ತಿಮಿಂಗಿಲಗಳು ಉತ್ತರಕ್ಕೆ, ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಹಳೆಯ ತಾಣಗಳಲ್ಲಿ ಅವುಗಳಿಗಾಗಿ ಮಾಡಿದ್ದ ಹಡಗಿನ ವೇಗಮಿತಿಯಾಗಲಿ, ಬಲೆ ಹಗ್ಗಗಳ ನಿಯಮವಾಗಲಿ ಹೊಸ ತಾಣದಲ್ಲಿ ಇರಲಿಲ್ಲ. 2017ರ ಒಂದೇ ವರ್ಷದಲ್ಲಿ ಕೆನಡಾ ಮತ್ತು ಅಮೆರಿಕದ ನೀರಿನಲ್ಲಿ ಒಟ್ಟು 17 ತಿಮಿಂಗಿಲಗಳು ಸತ್ತದ್ದು ದಾಖಲಾಯಿತು. ಕಾರಣ ತಿಳಿದ ಸಾವುಗಳಲ್ಲಿ ಹೆಚ್ಚಿನವು ಹಡಗು ಬಡಿದು ಇಲ್ಲವೇ ಹಗ್ಗಕ್ಕೆ ಸಿಕ್ಕಿ ಆದವು. ಇಡೀ ಜಗತ್ತಿನಲ್ಲಿ ಉಳಿದಿರುವುದೇ ನಾಲ್ಕು ನೂರಕ್ಕಿಂತ ಕಡಿಮೆ. ಕೆನಡಾ ಆಮೇಲೆ ನಿಯಮ ಮಾಡಿತು, ಅದನ್ನು ಮೆಚ್ಚಬೇಕು. ಆದರೆ 2030ರ ವೇಳೆಗೆ ಸಾಗರದ ಶೇ. 30ರಷ್ಟನ್ನು ಸಂರಕ್ಷಿಸುತ್ತೇವೆ ಎಂದು 2022ರಲ್ಲಿ ಮಾಂಟ್ರಿಯಲ್‌ನ ಜೀವವೈವಿಧ್ಯ ಸಮ್ಮೇಳನದಲ್ಲಿ ನಿಮ್ಮಲ್ಲಿ ಹೆಚ್ಚಿನವರು ಒಪ್ಪಿದಿರಲ್ಲ, ಆ ಗೆರೆಗಳನ್ನು ಇಂದಿನ ಉಷ್ಣತೆಯ ನಕ್ಷೆಯ ಮೇಲೆ ಎಳೆದರೆ, ಕಾಯಬೇಕೆಂದ ಜೀವಿ ಇಪ್ಪತ್ತು ವರ್ಷಗಳಲ್ಲಿ ಗೆರೆಯ ಆಚೆಗೆ ಹೋಗಿರಬಹುದು.

ಇನ್ನು ಆಮ್ಲೀಯತೆಯ ವಿಷಯ. ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದು ಬಿಸಿಯಿಂದ ಆಗುವುದಲ್ಲ, ನೇರವಾಗಿ ಇಂಗಾಲದ ಡೈಆಕ್ಸೈಡ್‌ನಿಂದ ಆಗುವುದು. ಮನುಷ್ಯರು ಹೊರಬಿಟ್ಟ ಆ ಅನಿಲದಲ್ಲಿ ಸುಮಾರು ಕಾಲು ಭಾಗವನ್ನು ಸಾಗರ ಹೀರಿಕೊಂಡಿದೆ. ಅದು ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಅಂಕಿ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ. ಕೈಗಾರಿಕಾ ಯುಗದ ಮುನ್ನ ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಈಗ ಸುಮಾರು 8.1, ಈ ಅಳತೆ ಲಾಗರಿತಮ್ ಕ್ರಮದ್ದಾದ್ದರಿಂದ (ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು) ಚಿಕ್ಕದಾಗಿ ಕಾಣುವ ಈ ವ್ಯತ್ಯಾಸದಲ್ಲಿ ಆಮ್ಲೀಯತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳ ಪ್ರಮಾಣ ಸುಮಾರು ಶೇ. 30ರಷ್ಟು ಹೆಚ್ಚಿದೆ. ಸಿಂಪಿ, ಹವಳ, ಟೆರೊಪಾಡ್ ಎಂಬ ಈಜುವ ಸಣ್ಣ ಶಂಖಜೀವಿ ಇವೆಲ್ಲ ಚಿಪ್ಪು ಕಟ್ಟಲು ಬಳಸುವ ಕಾರ್ಬೊನೇಟ್ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅಮೆರಿಕದ ಪೆಸಿಫಿಕ್ ಕರಾವಳಿಯ ಸಿಂಪಿ ಮರಿ ಕೇಂದ್ರಗಳಲ್ಲಿ 2007ರ ಸುಮಾರಿಗೆ ಮರಿಗಳು ರಾಶಿರಾಶಿಯಾಗಿ ಸಾಯತೊಡಗಿದಾಗ ಮೊದಲು ಸಂಶಯ ಹೋದದ್ದು ರೋಗಾಣುಗಳ ಮೇಲೆ. ಆಳದಿಂದ ಮೇಲೆದ್ದು ಬರುವ ಹೆಚ್ಚು ಆಮ್ಲೀಯ ನೀರೇ ಕಾರಣವೆಂಬುದು ಆಮೇಲೆ ತಿಳಿಯಿತು. ಮರಿ ತನ್ನ ಮೊದಲ ಚಿಪ್ಪನ್ನು ಕಟ್ಟಿಕೊಳ್ಳುವ ಆರಂಭದ ಒಂದೆರಡು ದಿನಗಳಲ್ಲೇ ಸೋಲುತ್ತಿತ್ತು. ಅಲ್ಲಿನವರು ಈಗ ನೀರಿನ ರಾಸಾಯನಿಕ ಗುಣವನ್ನು ಅಳೆದು, ಸರಿಪಡಿಸಿ ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಗೆ ಸಾಧ್ಯವಾದದ್ದು ಸಾಗರಕ್ಕೆ ಸಾಧ್ಯವಿಲ್ಲ.

ಈ ಕಾರಣದಿಂದಲೇ, ಸೂರ್ಯನ ಬೆಳಕನ್ನು ಪ್ರತಿಫಲಿಸುವ ಕಣಗಳನ್ನು ಮೇಲಿನ ವಾತಾವರಣಕ್ಕೆ ಸಿಂಪಡಿಸಿ ಭೂಮಿಯನ್ನು ತಂಪಾಗಿಸೋಣ ಎಂಬ ಪ್ರಸ್ತಾಪಗಳು ಕೇಳಿಬಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ಅದರಿಂದ ಸಾಗರದ ಆಮ್ಲೀಯತೆ ಇಳಿಯುತ್ತದೆಯೇ? ಇಳಿಯುವುದಿಲ್ಲ. ಉಷ್ಣತೆಯನ್ನು ಮಾತ್ರ ಗುರಿಯಾಗಿಟ್ಟುಕೊಂಡ ಒಪ್ಪಂದವೊಂದು ಇಂಥ ಉಪಾಯಕ್ಕೆ ಬಾಗಿಲು ತೆರೆದಿಡುತ್ತದೆ, ಏಕೆಂದರೆ ಕಾಗದದ ಮೇಲೆ ಗುರಿ ಈಡೇರಿದಂತೆ ಕಾಣುತ್ತದೆ. ಇಂಗಾಲವನ್ನು ಇನ್ನಷ್ಟು ಹೀರಿಸಲು ಸಾಗರಕ್ಕೆ ಕಬ್ಬಿಣ ಸುರಿದು ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮ ಜೀವಿಗಳನ್ನು ಬೆಳೆಸುವುದು, ಸುಣ್ಣದ ಪುಡಿ ಬೆರೆಸುವುದು ಮುಂತಾದ ಯೋಜನೆಗಳನ್ನು ಸಂಶೋಧನೆಯ ಮಟ್ಟದಲ್ಲಿ ಪರೀಕ್ಷಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಫಲ ಖಚಿತವಾಗುವ ಮುನ್ನವೇ ಅವುಗಳ ಹೆಸರಿನಲ್ಲಿ ಕಾರ್ಬನ್ ಕ್ರೆಡಿಟ್‌ಗಳನ್ನು, ಅಂದರೆ ಇಷ್ಟು ಇಂಗಾಲ ತಗ್ಗಿಸಿದೆವು ಎಂಬ ಪ್ರಮಾಣಪತ್ರಗಳನ್ನು, ಮಾರಿ, ಕೊಂಡವರು ಇನ್ನಷ್ಟು ಹೊಗೆ ಬಿಡುವುದನ್ನು ಒಪ್ಪಲಾಗದು. ಕಾಂಡ್ಲಾ ಕಾಡುಗಳೂ ಕಡಲ ಹುಲ್ಲುಗಾವಲುಗಳೂ ಇಂಗಾಲವನ್ನು ಹಿಡಿದಿಡುತ್ತವೆ, ಅವನ್ನು ಉಳಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ 2011ರ ಶಾಖದ ಅಲೆಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇಯ ಕಡಲ ಹುಲ್ಲಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಾನಿಗೊಂಡು, ಶತಮಾನಗಳಿಂದ ಕೂಡಿಟ್ಟ ಇಂಗಾಲ ಮತ್ತೆ ಗಾಳಿಗೆ ಸೇರಿದ್ದನ್ನು ಮರೆಯುವ ಹಾಗಿಲ್ಲ. ಬಿಸಿ ಏರುತ್ತಲೇ ಇದ್ದರೆ ಆ ಉಗ್ರಾಣಗಳೇ ಸೋರುತ್ತವೆ.

ಕಾನೂನಿನ ದೃಷ್ಟಿಯಿಂದಲೂ ಪರಿಸ್ಥಿತಿ ಬದಲಾಗಿದೆ. ಸಣ್ಣ ದ್ವೀಪ ರಾಷ್ಟ್ರಗಳ ಆಯೋಗವು ಸಲ್ಲಿಸಿದ ಕೋರಿಕೆಯ ಮೇರೆಗೆ ಅಂತರರಾಷ್ಟ್ರೀಯ ಸಾಗರ ಕಾನೂನು ನ್ಯಾಯಮಂಡಳಿ 2024ರ ಮೇ 21ರಂದು ಕೊಟ್ಟ ಸಲಹಾ ಅಭಿಪ್ರಾಯದಲ್ಲಿ, ಮಾನವ ಚಟುವಟಿಕೆಯಿಂದ ಹೊರಬೀಳುವ ಹಸಿರುಮನೆ ಅನಿಲಗಳು 1982ರ ಸಾಗರ ಕಾನೂನು ಒಪ್ಪಂದದ ಅರ್ಥದಲ್ಲಿ ಸಾಗರ ಮಾಲಿನ್ಯವೇ ಎಂದು ಒಮ್ಮತದಿಂದ ಹೇಳಿತು. ಪ್ಯಾರಿಸ್ ಒಪ್ಪಂದವನ್ನು ಪಾಲಿಸಿದ ಮಾತ್ರಕ್ಕೆ ಸಾಗರವನ್ನು ರಕ್ಷಿಸುವ ಕರ್ತವ್ಯ ತೀರಿತೆಂದು ಭಾವಿಸುವಂತಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ಸಲಹಾ ಅಭಿಪ್ರಾಯ ತೀರ್ಪಿನಂತೆ ಕಟ್ಟುವುದಿಲ್ಲ ಎಂದು ನಿಮ್ಮ ಕಾನೂನು ತಜ್ಞರು ಹೇಳಬಹುದು. ಅದು ಅರ್ಥೈಸುತ್ತಿರುವ ಒಪ್ಪಂದ ಮಾತ್ರ ಅದಕ್ಕೆ ಸಹಿ ಹಾಕಿ ಅನುಮೋದಿಸಿದ ಎಲ್ಲ ದೇಶಗಳನ್ನೂ ಕಟ್ಟುತ್ತದೆ.

ಈ ಹಿನ್ನೆಲೆಯಲ್ಲಿ ನನ್ನ ಬೇಡಿಕೆಗಳನ್ನು ವಿನಯದಿಂದ, ಆದರೆ ನೇರವಾಗಿ ಮುಂದಿಡುತ್ತೇನೆ. ಸಾಗರದ ಶಾಖ ಸಂಗ್ರಹ, ಪಿಎಚ್, ಆಮ್ಲಜನಕ ಈ ಮೂರು ಅಳತೆಗಳನ್ನು ಐದು ವರ್ಷಕ್ಕೊಮ್ಮೆ ನೀವು ನಡೆಸುವ ಜಾಗತಿಕ ಪರಾಮರ್ಶೆಯಲ್ಲಿ ಮೇಲ್ಮೈ ಉಷ್ಣತೆಯ ಪಕ್ಕದಲ್ಲೇ ಅಧಿಕೃತ ಮಾನದಂಡಗಳಾಗಿ ಸೇರಿಸಿರಿ. ಪ್ರತಿ ದೇಶವೂ ಸಲ್ಲಿಸುವ ರಾಷ್ಟ್ರೀಯ ಯೋಜನೆಯಲ್ಲಿ, ತನ್ನ ಹೊರಸೂಸುವಿಕೆಯ ಪಥವು ಈ ಮೂರರ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದನ್ನು ಬರೆಯುವಂತೆ ನಿಯಮ ಮಾಡಿರಿ. 2023ರ ದುಬೈ ಅಧಿವೇಶನದಲ್ಲಿ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯುತ್ತೇವೆ ಎಂದು ಒಪ್ಪಿದ ವಾಕ್ಯದಲ್ಲಿ ಯಾವ ಇಂಧನವನ್ನು ಎಂದು ಕೈಬಿಡಬೇಕೆಂಬ ಇಸವಿಗಳಿಲ್ಲ. ಕಲ್ಲಿದ್ದಲು, ತೈಲ, ಅನಿಲ ಇವುಗಳಿಗೆ ಒಂದೊಂದಾಗಿ ಇಸವಿ ನಿಗದಿ ಮಾಡದೆ ಸಾಗರದ ಹೆಸರಿನಲ್ಲಿ ಮಾಡುವ ಉಳಿದ ಕೆಲಸಗಳಿಗೆಲ್ಲ ಅರ್ಥ ಕಡಿಮೆ.

ಅಳೆಯುವ ವ್ಯವಸ್ಥೆಯ ಬಗ್ಗೆ ಇನ್ನೊಂದು ಮಾತು. ನಮಗೆ ಸಾಗರದ ಶಾಖದ ಬಗ್ಗೆ ಇಷ್ಟು ಖಚಿತವಾಗಿ ಗೊತ್ತಿರುವುದು 1999ರಿಂದ ನೀರಿಗೆ ಬಿಡಲಾಗುತ್ತಿರುವ ಆರ್ಗೊ ತೇಲುಯಂತ್ರಗಳಿಂದ. ಸುಮಾರು 4,000 ಯಂತ್ರಗಳು ಆಳಕ್ಕಿಳಿದು, ಮೇಲೆದ್ದು, ಉಪಗ್ರಹದ ಮೂಲಕ ಮಾಹಿತಿ ಕಳುಹಿಸುತ್ತವೆ. ಆ ಮಾಹಿತಿ ಯಾರಿಗಾದರೂ ಉಚಿತ. ಆದರೆ ಅವುಗಳಲ್ಲಿ ಹೆಚ್ಚಿನವು 2,000 ಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ, ಸಾಗರದ ನೀರಿನ ಅರ್ಧದಷ್ಟು ಇರುವುದು ಅದಕ್ಕಿಂತ ಆಳದಲ್ಲಿ. ಹಲವು ದೇಶಗಳಲ್ಲಿ ಈ ಯಂತ್ರಗಳಿಗೆ ಹಣ ಬರುವುದು ಕೆಲವೇ ವರ್ಷಗಳ ಸಂಶೋಧನಾ ಅನುದಾನದಿಂದ. ಅನುದಾನ ನಿಂತ ವರ್ಷ ಅಳತೆಯೂ ನಿಲ್ಲುತ್ತದೆ. ಹವಾಮಾನ ನಿಧಿಯಲ್ಲಿ ಇದಕ್ಕೆ ಕಾಯಂ ಪಾಲನ್ನು ಮೀಸಲಿಡಿ, ಆಮ್ಲಜನಕ ಮತ್ತು ಪಿಎಚ್ ಅಳೆಯುವ ಯಂತ್ರಗಳ ಸಂಖ್ಯೆ ಹೆಚ್ಚಿಸಿ.

ಮೀನಿನ ಪಾಲು ಹಂಚಿಕೆಯ ಒಪ್ಪಂದಗಳಲ್ಲಿ ಮೀನು ಸರಿದಾಗ ಪಾಲು ಹೇಗೆ ಬದಲಾಗಬೇಕು ಎಂಬ ಸೂತ್ರವನ್ನು ಜಗಳ ಹುಟ್ಟುವ ಮುನ್ನವೇ ಬರೆದಿಡಲು ನಿಮ್ಮ ಮೀನುಗಾರಿಕಾ ಸಚಿವಾಲಯಗಳಿಗೆ ಸೂಚಿಸಿರಿ. 2023ರಲ್ಲಿ ಅಂಗೀಕೃತವಾದ, ಯಾವ ದೇಶದ ವ್ಯಾಪ್ತಿಗೂ ಸೇರದ ತೆರೆದ ಸಾಗರಗಳ ಒಪ್ಪಂದದಡಿ ಗುರುತಿಸುವ ಸಂರಕ್ಷಿತ ವಲಯಗಳ ಗೆರೆಗಳನ್ನು ಉಷ್ಣತೆಯ ಮುನ್ನಂದಾಜಿನೊಂದಿಗೆ ಹೋಲಿಸಿ, ನಿಗದಿತ ಅವಧಿಗೊಮ್ಮೆ ತಿದ್ದುವ ವ್ಯವಸ್ಥೆ ಇರಲಿ. ಹವಾಮಾನ ಬದಲಾವಣೆಯಿಂದ ನೊಂದ ದೇಶಗಳಿಗಾಗಿರುವ ನಷ್ಟ ಮತ್ತು ಹಾನಿ ನಿಧಿಯಲ್ಲಿ ಬಿರುಗಾಳಿ, ನೆರೆಗಳ ಜತೆಗೆ ಹವಳದ ನಾಶ, ಮೀನಿನ ವಲಸೆ ಮುಂತಾದ ನಿಧಾನಗತಿಯ ಹಾನಿಗಳಿಗೂ ಪರಿಹಾರ ಕೋರುವ ಮಾರ್ಗವನ್ನು ಸ್ಪಷ್ಟಪಡಿಸಿರಿ.

ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ. ಮೊದಲನೆಯದಕ್ಕಂತೂ ಹೊಸ ಹಣವೂ ಬೇಕಿಲ್ಲ. ಕಾರ್ಯಸೂಚಿಯಲ್ಲಿ ಒಂದು ಸಾಲು, ಅದನ್ನು ಮಂಡಿಸುವ ಒಂದು ದೇಶ, ಬೆಂಬಲಿಸುವ ಕೆಲವು ದೇಶಗಳು ಸಾಕು. ಆ ದೇಶ ನಿಮ್ಮದಾಗುತ್ತದೆಯೇ ಎಂಬುದನ್ನೂ, ಆಗದಿದ್ದರೆ ಅದಕ್ಕೆ ನಿಮ್ಮ ಸರ್ಕಾರದ ಆಕ್ಷೇಪವೇನು ಎಂಬುದನ್ನೂ ಮುಂದಿನ ಅಧಿವೇಶನಕ್ಕೆ ಮುನ್ನ ಸಾರ್ವಜನಿಕವಾಗಿ, ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿಮ್ಮ ವರದಿಗಳ ಒಬ್ಬ ಓದುಗ